ರೈಗಳ ಕಾರು ಮತ್ತು ಮೂರು ತಾಲೂಕಿನ ನೀರು

ಬೆಟ್ಟಂಪಾಡಿಯಿಂದ ಮಡಿಕೇರಿಯವರೆಗೆ ರಸ್ತೆ ಬದಿಯಲ್ಲಿ ಎಷ್ಟು ಬಾವಿಗಳಿವೆ, ಯಾವುದರ ಹಗ್ಗ ಸವೆದಿದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎಂಬುದೆಲ್ಲ ಮಹಾಬಲ ರೈಗಳಿಗೆ ಬಾಯಿಪಾಠವಾಗಿತ್ತು. ಅವರೇನು ಬಾವಿ ತೋಡಿಸುವ ಗುತ್ತಿಗೆದಾರರಲ್ಲ. ಅವರ ಹತ್ತಿರ ಒಂದು ಕಾರಿತ್ತು, ಅಷ್ಟೇ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಕೊಡಗಿನ ತೋಟವೊಂದರ ಬಿಳಿ ದೊರೆ ಸಾಮಾನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟಾಗ ರೈಗಳು ಅವನಿಂದ ಕೊಂಡ ಕಾರು ಅದು. ಎರಡೇ ಬಾಗಿಲು, ಕೆಂಪು ಬಣ್ಣ, ಉದ್ದ ಮೂತಿ. ವೇಗದ ಮುಳ್ಳಿನ ಕೆಳಗೆ ನೂರ ಇಪ್ಪತ್ತು ಮೈಲು ಎಂದು ಬರೆದಿತ್ತು. ಹಿಂದೊಮ್ಮೆ ಮದ್ರಾಸಿನ ಕಡೆ ರೇಸಿನಲ್ಲಿ ಓಡಿತ್ತಂತೆ. ಪುತ್ತೂರು ಪೇಟೆಯಲ್ಲಿ ಅದು ಗುಡುಗುಡು ಎನ್ನುತ್ತ ಬಂದರೆ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬರುತ್ತಿದ್ದರು. ರೈಗಳ ಮೀಸೆ ಆಗ ತಾನಾಗಿಯೇ ಅರ್ಧ ಇಂಚು ಮೇಲೇಳುತ್ತಿತ್ತು. ಆದರೆ ಹದಿನೈದು ಮೈಲು ದಾರಿ ಸಾಗಿದರೆ ಕಾರು ಕುದಿಯುತ್ತಿತ್ತು. ಮೂತಿಯಿಂದ ಹಬೆ ಏಳುತ್ತಿತ್ತು, ಮೀಸೆ ಇಳಿಯುತ್ತಿತ್ತು, ಅವರ ಹೆಂಡತಿ ದಮಯಂತಿ ಹಿಂದಿನ ಸೀಟಿನಿಂದ ಕೊಡಪಾನ ತೆಗೆದು ಅವರ ಕೈಗೆ ಕೊಡುತ್ತಿದ್ದರು.

"ಹೋಗಿ, ನಿಮ್ಮ ಕುದುರೆಗೆ ನೀರು ಕುಡಿಸಿ," ಎನ್ನುತ್ತಿದ್ದರು.

ದಮಯಂತಿಯ ತಮ್ಮ ಉದಯಶಂಕರ ಮಡಿಕೇರಿಯಲ್ಲಿ ಬ್ಯಾಂಕಿನ ಮ್ಯಾನೇಜರು. ಹಾಗಾಗಿ ತಿಂಗಳಿಗೊಮ್ಮೆಯಾದರೂ ಸಂಪಾಜೆ ಘಾಟಿ ಹತ್ತುವುದಿತ್ತು. ಘಾಟಿಗಿಂತ ಮೊದಲು, ಕಲ್ಲುಗುಂಡಿ ದಾಟಿದ ಮೇಲೆ, ಅಕ್ಕು ಎಂಬ ಅರುವತ್ತರ ಹೆಂಗಸಿನ ಗೂಡಂಗಡಿ. ಐದು ವರ್ಷಗಳಲ್ಲಿ ಆ ಕಾರು ಅವಳ ಅಂಗಡಿಯನ್ನು ಒಮ್ಮೆಯೂ ನಿಲ್ಲದೆ ದಾಟಿದ್ದಿಲ್ಲ. ದೂರದಲ್ಲಿ ಸದ್ದು ಕೇಳಿದರೆ ಸಾಕು, ಅಕ್ಕು ಬಾವಿಗೆ ಬಿಂದಿಗೆ ಇಳಿಸುತ್ತಿದ್ದಳು. ಕಾರಿಗೆ ನೀರು, ರೈಗಳಿಗೆ ಲಿಂಬೆ ಶರಬತ್ತು, ದಮಯಂತಿಗೆ ಊರ ಸುದ್ದಿ.

ಎಪ್ಪತ್ತೊಂಬತ್ತರ ಫೆಬ್ರವರಿಯಲ್ಲಿ ಉದಯಶಂಕರನ ಹೊಸ ಮನೆಯ ಒಕ್ಕಲು. ಅಂದು ಕಾರು ಜಾಲ್ಸೂರಿನಲ್ಲಿ ಒಮ್ಮೆ, ಅರಂತೋಡಿನಲ್ಲಿ ಒಮ್ಮೆ, ಅಕ್ಕುವಿನ ಅಂಗಡಿಯಲ್ಲಿ ಒಮ್ಮೆ, ಘಾಟಿಯಲ್ಲಿ ಎರಡು ಸಲ ನಿಂತಿತು. ಮನೆ ಮುಟ್ಟುವಾಗ ಎರಡನೇ ಪಂಕ್ತಿಯೂ ಎದ್ದಿತ್ತು. ಉದಯಶಂಕರ ಅಂಗಳದಲ್ಲೇ, ಬ್ಯಾಂಕಿನವರೆಲ್ಲರ ಎದುರು, ಕೈ ಜೋಡಿಸಿದ.

"ಬನ್ನಿ ಭಾವ. ಕಾರಲ್ಲಿ ಬಂದ್ರಾ, ಅಲ್ಲ ಕಾರನ್ನು ಕರಕೊಂಡು ಬಂದ್ರಾ?"

ನೆಂಟರು ನಕ್ಕರು. ದಮಯಂತಿ ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡದ್ದನ್ನು ರೈಗಳು ಓರೆಗಣ್ಣಿನಲ್ಲಿ ನೋಡಿದರು. ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಇಳಿಯದಿದ್ದರೂ ಎರಡು ಸಲ ಹಾಕಿಸಿಕೊಂಡರು, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆಯೇ ಅವರು ಪುತ್ತೂರಿನ ಬೊಳುವಾರಿನಲ್ಲಿದ್ದ ಹೈದರನ ಗ್ಯಾರೇಜಿನಲ್ಲಿ ಹಾಜರು. ಹೈದರ್ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಆಡಿದ ನಾಲ್ಕು ಮಾತಿನಲ್ಲಿ ಮೂರು ಚುಚ್ಚುವಂಥವು.

"ಹೈದರ್, ಇದಕ್ಕೆ ದೊಡ್ಡ ಫ್ಯಾನು ಹಾಕು. ಲಾರಿಯದ್ದು," ಎಂದರು ರೈಗಳು.

"ಲಾರಿಯದ್ದು ಹಾಕಿದ್ರೆ ಕಾರು ಹಾರ್ತದೆ ರೈಗಳೇ. ಮೊದಲು ಒಳಗೆ ಎಂತ ಉಂಟು ನೋಡುವ."

ಅವನು ರೇಡಿಯೇಟರ್ ಬಿಚ್ಚಿ, ತಲೆಕೆಳಗೆ ನಿಲ್ಲಿಸಿ, ಕೆಳಗಿನ ಬಾಯಿಗೆ ನೀರಿನ ಪೈಪು ಕೊಟ್ಟ. ಮೊದಲು ಏನೂ ಬರಲಿಲ್ಲ. ಆಮೇಲೆ ಕೆಂಪು ಕೆಸರು ಬಂತು. ಅದರ ಹಿಂದೆ ಸುಣ್ಣದ ಚಕ್ಕೆ, ಕರಟಿದ ಎಲೆಯ ಚೂರು, ಕೊನೆಗೆ ಒಂದು ಸಣ್ಣ ಬಸವನಹುಳದ ಚಿಪ್ಪು. ಹೈದರ್ ಅದನ್ನು ಎರಡು ಬೆರಳಲ್ಲಿ ಎತ್ತಿ ರೈಗಳ ಅಂಗೈಯಲ್ಲಿಟ್ಟ.

"ಪುತ್ತೂರು, ಸುಳ್ಯ, ಮಡಿಕೇರಿ, ಮೂರು ತಾಲೂಕಿನ ಮಣ್ಣು ಉಂಟು ಇದರಲ್ಲಿ. ಸಿಕ್ಕಿದಲ್ಲೆಲ್ಲ ನೀರು ಹಾಕಿದ್ರೆ ಹೀಗೇ. ಇನ್ನು ಎರಡು ವರ್ಷ ಬಿಟ್ಟಿದ್ರೆ ಇದರಲ್ಲೇ ಗದ್ದೆ ಮಾಡ್ಬಹುದಿತ್ತು."

ತೊಳೆದರೂ ಅರ್ಧಕ್ಕರ್ಧ ಕೊಳವೆಗಳು ಬಾಯಿ ಬಿಡಲಿಲ್ಲ. ರೇಡಿಯೇಟರನ್ನು ಮಂಗಳೂರಿಗೆ ಕಳಿಸಿ, ಒಳಗಿನ ಜಾಲವನ್ನೇ ಬದಲಿಸಿ, ಮೂರು ಸಾಲು ಕೊಳವೆ ಇದ್ದಲ್ಲಿ ನಾಲ್ಕು ಸಾಲು ಕೂರಿಸಿ ತರಿಸುವುದೆಂದಾಯಿತು. ಫ್ಯಾನಿನ ಆಸೆಯನ್ನು ರೈಗಳು ಬಿಡಲಿಲ್ಲ. ಕಡಬದ ಕಡೆ ರಬ್ಬರ್ ತೋಟವೊಂದರಲ್ಲಿ ಮೂಲೆಗೆ ಬಿದ್ದ ಜೀಪಿದೆ, ಅದರದ್ದು ಆರು ರೆಕ್ಕೆಯ ಫ್ಯಾನು ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿ ಹೋಗಿ, ಅದನ್ನು ಬಿಚ್ಚಿಸಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದರು. ಪಕ್ಕದಲ್ಲಿ ಕೂತವನು, "ಮನೆಗೆ ಕರೆಂಟು ಬಂತಾ ಧಣಿ?" ಎಂದು ಕೇಳಿದನಂತೆ. ಹೈದರ್ ಅದರ ರೆಕ್ಕೆಗಳನ್ನು ಸಮನಾಗಿ ಕತ್ತರಿಸಿ ತೂಗಿ ನೋಡಿ ಕೂರಿಸಿದ. ಗಾಳಿ ಆಚೀಚೆ ಸೋರಿಹೋಗದೆ ಜಾಲದ ಮೂಲಕವೇ ಬರಬೇಕೆಂದು ಅದರ ಸುತ್ತ ಒಂದು ತಗಡಿನ ಬಳೆ ಬೇಕಿತ್ತು. ಡಬ್ಬ ಬೆಸೆಯುವ ಜತ್ತಪ್ಪ ಹಳೇ ಎಣ್ಣೆ ಡಬ್ಬ ಒಡೆದು ಅದನ್ನು ಮಾಡಿಕೊಟ್ಟ. ಕೆಲಸ ಅಚ್ಚುಕಟ್ಟು. ಆದರೆ ಬಾನೆಟ್ ಎತ್ತಿದವರಿಗೆಲ್ಲ 'ಶುದ್ಧ ತೆಂಗಿನೆಣ್ಣೆ' ಎಂಬ ಹಸಿರು ಅಕ್ಷರಗಳು ಎದುರಿಗೇ ಕಾಣುತ್ತಿದ್ದವು.

"ಇನ್ನು ಬಾವಿ ನೀರು ಹಾಕ್ಬಾರದು," ಎಂದ ಹೈದರ್. "ಮಳೆ ನೀರು ಹಿಡಿದಿಟ್ಟದ್ದು ಹಾಕಿ. ಇಲ್ಲದಿದ್ರೆ ಕಾಯಿಸಿ ಆರಿಸಿ ಸೋಸಿದ್ದು."

ದಮಯಂತಿ ಒಂದು ಹಂಡೆ ನೀರು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟರು. "ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ನನಗೆ ಯಾರೂ ಹೀಗೆ ಕಾಯಿಸಿ ಆರಿಸಿ ಕೊಟ್ಟದ್ದಿಲ್ಲ," ಎಂದು ಮಾತ್ರ ಹೇಳಿದರು.

ಪರೀಕ್ಷೆಗೆಂದು ಒಂದು ಭಾನುವಾರ ಸುಳ್ಯದವರೆಗೆ ಹೊರಟರು. ಕುಂಬ್ರ ದಾಟಿತು, ಕಾವು ದಾಟಿತು. ರೈಗಳು ಶಿಳ್ಳೆ ಹಾಕತೊಡಗಿದರು. ಜಾಲ್ಸೂರಿನ ಏರಿನಲ್ಲಿ ಶಿಳ್ಳೆ ನಿಂತಿತು. ಮೂತಿಯಿಂದ ಹಬೆ.

ರೈಗಳು ಇಳಿದರು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಕಾರಿನ ಕಡೆಗೆ ಬೆನ್ನು ಹಾಕಿದರು. ಇಷ್ಟು ಮಾಡಿಯೂ ಹೀಗಾದರೆ ಇದನ್ನು ಮಾರಿ ಬಿಡುವುದೇ ವಾಸಿ ಎಂದುಕೊಂಡರು. ಹಾಗೆ ಅಂದುಕೊಂಡ ಕೂಡಲೇ, ಕಾರು ಕೇಳಿಸಿಕೊಂಡಿತೇನೋ ಎಂಬಂತೆ ಒಮ್ಮೆ ತಿರುಗಿ ನೋಡಿದರು. ದಮಯಂತಿಗೆ ಅವರ ಬೆನ್ನು ನೋಡಿ ನಗು ಬರಲಿಲ್ಲ, ಕನಿಕರವಾಯಿತು. ಕೊಡಪಾನವನ್ನು ತಾವೇ ಹಿಡಿದು ನೀರು ಹಾಕಿದರು.

ಮನೆಗೆ ಬಂದವರೇ ದಮಯಂತಿ ಕಪಾಟಿನ ತಳದಿಂದ ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದರು. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತನೆಯವರೆಗೆ ಓದಿದವರು. ರೈಗಳು ಆ ಪುಸ್ತಕವನ್ನು ಪೂಜೆಯ ದಿನ ಕುಂಕುಮ ಹಚ್ಚಲು ಬಿಟ್ಟರೆ ಬೇರೆ ಯಾವುದಕ್ಕೂ ತೆರೆದಿರಲಿಲ್ಲ. ಮೂರು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಓದಿದ ದಮಯಂತಿ ನಾಲ್ಕನೇ ದಿನ ಗಂಡನನ್ನು ಕರೆದರು.

"ನೋಡಿ, ಇಂಜಿನ್ನಿನ ತಲೆಯ ಹತ್ತಿರ ಥರ್ಮೋಸ್ಟಾಟ್ ಅಂತ ಒಂದು ಹಿತ್ತಾಳೆಯದ್ದು ಇರ್ತದಂತೆ. ನಮ್ಮದರಲ್ಲಿ ಉಂಟಾ?"

ರೈಗಳು ಕೆಮ್ಮಿದರು. "ಅದು... ತೆಗೆಸಿದ್ದೇವೆ. ಕಾರು ತಂದ ವರ್ಷವೇ. ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಹೇಳಿದ್ರು, ನಮ್ಮ ಸೆಕೆಗೆ ಅದು ಬೇಡ, ನೀರಿಗೆ ಅಡ್ಡ ಅಂತ."

"ಇಂಜಿನ್ನಿನಿಂದ ಹೊರಟ ನೀರಿಗೆ ಎರಡು ದಾರಿ ಉಂಟಂತೆ. ಒಂದು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುದು. ಇನ್ನೊಂದು ಅಡ್ಡದಾರಿ, ತಣಿಯದೆ ಹಾಗೇ ಇಂಜಿನ್ನಿಗೆ ವಾಪಸ್ಸು. ಬಿಸಿಯಾದಾಗ ಈ ಹಿತ್ತಾಳೆಯದ್ದು ಬಾಯಿ ತೆರೆದು ರೇಡಿಯೇಟರಿಗೆ ದಾರಿ ಬಿಟ್ಟು, ಅಡ್ಡದಾರಿಯನ್ನು ಮುಚ್ಚಬೇಕು. ನೀವು ಬಾಗಿಲನ್ನೇ ಕಿತ್ತು ಹಾಕಿದ್ದೀರಿ. ಹತ್ತಿರದ ದಾರಿ ಸಿಕ್ಕಿದ್ರೆ ನೀರು ಸುತ್ತು ದಾರಿಯಲ್ಲಿ ಯಾಕೆ ಹೋಗ್ತದೆ? ನಿಮ್ಮ ಹಾಗೇ ಅದೂ."

ಹೈದರನಿಗೆ ಹೇಳಿ ಕಳಿಸಿದರು. ಅವನು ಬಂದು ಚಿತ್ರ ನೋಡಿ, ಗಡ್ಡ ಕೆರೆದು, ನೆಲ ನೋಡಿದ. ಅದನ್ನು ತೆಗೆದದ್ದು ಅವನೇ.

"ಬೇರೆ ಕಾರಿಗೆ ತೆಗೆದ್ರೆ ನಡೀತದೆ ಅಕ್ಕ. ಇದಕ್ಕೆ ಇಂಥ ಅಡ್ಡದಾರಿ ಉಂಟು ಅಂತ ನನಗೂ ಗೊತ್ತಿರ್ಲಿಲ್ಲ. ಈಗ ಅದನ್ನು ಎಲ್ಲಿಂದ ತರುದು? ಬೊಂಬಾಯಿಯಲ್ಲೂ ಸಿಕ್ಲಿಕ್ಕಿಲ್ಲ."

ದಮಯಂತಿ ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಅದನ್ನೇ ತಂದು ಮೇಜಿನ ಮೇಲಿಟ್ಟರು. "ಹಿತ್ತಾಳೆ ಅಲ್ವಾ? ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಐದು ವರ್ಷ ನೂಲುಂಡೆಗಳ ನಡುವೆ ಕೂತದ್ದು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ. ಅಡುಗೆಮನೆಯಲ್ಲಿ ಪಾತ್ರೆಯಲ್ಲಿ ನೀರಿಟ್ಟು, ಅದನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟರು. ಮೂರು ತಲೆಗಳು ಪಾತ್ರೆಯ ಮೇಲೆ ಬಾಗಿದವು. ನೀರಿನ ತಳದಿಂದ ಗುಳ್ಳೆಗಳು ಏಳತೊಡಗಿದಾಗ ಹಿತ್ತಾಳೆಯ ಬಾಯಿ ಮೆಲ್ಲಗೆ, ನಿದ್ದೆಯಿಂದ ಎದ್ದವರು ಆಕಳಿಸಿದಂತೆ, ತೆರೆದುಕೊಂಡಿತು.

"ಯಾ ಅಲ್ಲಾ!" ಎಂದ ಹೈದರ್. ರೈಗಳು ದಾರ ಹಿಡಿದಿದ್ದ ಕೈಯನ್ನು ಸುಟ್ಟುಕೊಂಡರು. ದಮಯಂತಿ ಒಲೆ ಆರಿಸಿ ಗಂಡನ ಕಡೆ ಒಮ್ಮೆ ನೋಡಿದರು. ಆ ನೋಟವೇ ರೈಗಳಿಗೆ ಹೆಚ್ಚು ಬಿಸಿ ತಾಗಿತು.

ಹೈದರ್ ಅದನ್ನು ಕೂರಿಸಿದ ಮೇಲೆ ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮಡಿಕೇರಿಗೆ ಹೊರಟರು. ಜಾಲ್ಸೂರಿನ ಏರು ಹತ್ತುವಾಗ ರೈಗಳು ರಸ್ತೆಗಿಂತ ಹೆಚ್ಚು ಬಿಸಿಯ ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಸುಳ್ಯ ಹಿಂದಾಯಿತು, ಅರಂತೋಡು ಹಿಂದಾಯಿತು. ಕಲ್ಲುಗುಂಡಿ ದಾಟುವಾಗ ದೂರದಲ್ಲಿ ಅಕ್ಕು ಕಂಡಳು, ರಸ್ತೆಗೆ ಬಂದು, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು.

"ನಿಲ್ಲಿಸಿ, ಅಕ್ಕು ಕಾಯ್ತಾ ಇದ್ದಾಳೆ," ಎಂದರು ದಮಯಂತಿ.

"ಇವತ್ತು ನಿಲ್ಲಿಸಿದ್ರೆ ನಿಲ್ಲದೆ ಬಂದೆವು ಅಂತ ಹೇಳುದು ಹೇಗೆ?" ಎಂದು ರೈಗಳು ಗಾಡಿಯ ವೇಗ ಹೆಚ್ಚಿಸಿ, ಜೋರಾಗಿ ಹಾರ್ನ್ ಒತ್ತಿ, ಕೈ ಬೀಸಿದರು. ಅಕ್ಕುವಿನ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ.

ಘಾಟಿಯನ್ನು ಕಾರು ಒಂದೇ ಉಸಿರಿನಲ್ಲಿ ಹತ್ತಿತು. ತಿರುವಿನಲ್ಲಿ ಏದುಸಿರು ಬಿಡುತ್ತಿದ್ದ ಎರಡು ಬಸ್ಸುಗಳನ್ನು ಹಿಂದೆ ಹಾಕಿತು. ಐವತ್ತೆರಡರ ರೈಗಳಿಗೆ ಇಪ್ಪತ್ತರ ಹುರುಪು ಬಂದು, ಹೆಂಡತಿಯ ಕಡೆ ತಿರುಗಿ ನಕ್ಕರು. ದಮಯಂತಿಯೂ ನಕ್ಕರು, ಒಂದು ಕೈಯಲ್ಲಿ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೇ.

ಒಂಬತ್ತೂವರೆಗೆ ಉದಯಶಂಕರನ ಮನೆ. ಅವನಿನ್ನೂ ಲುಂಗಿ ಉಟ್ಟು ಹಲ್ಲುಜ್ಜುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಬಂದರೆ ಬಂದರು ಎಂದು ಲೆಕ್ಕ ಹಾಕಿದ್ದ ಮನೆಯವರು ಒಲೆ ಹಚ್ಚಿರಲಿಲ್ಲ.

"ಎಂತ ಭಾವ, ನಿನ್ನೆಯೇ ಹೊರಟಿದ್ರಾ?" ಎಂದ ನೊರೆಯ ಬಾಯಲ್ಲಿ.

ರೈಗಳು ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಬಾನೆಟ್ ಎತ್ತಿ ತೋರಿಸಿದರು. ಅವನು ಒಳಗೆ ಇಣುಕಿ, ಗಂಭೀರವಾಗಿ ಓದಿದ. "ಶುದ್ಧ ತೆಂಗಿನೆಣ್ಣೆ. ಹಾಗೆ ಹೇಳಿ! ತಲೆಗೆ ಎಣ್ಣೆ ಹಚ್ಚಿದ್ದೀರಿ, ಅದಕ್ಕೇ ತಂಪು."

ಈ ಸಲ ರೈಗಳೂ ನಕ್ಕರು. ಗೆದ್ದವನಿಗೆ ನಗುವುದು ಸುಲಭ.

ಸಂಜೆ ನಾಲ್ಕಕ್ಕೆ ಘಾಟಿ ಇಳಿದು ಬರುವಾಗ ಅವರು ತಾವಾಗಿಯೇ ಅಕ್ಕುವಿನ ಅಂಗಡಿಯ ಮುಂದೆ ನಿಲ್ಲಿಸಿದರು. ಅಕ್ಕು ಸೊಂಟಕ್ಕೆ ಕೈಕೊಟ್ಟು ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಬದುಕಿ ಇದ್ದೀರಾ ಧಣಿಗಳೇ! ಬ್ರೇಕು ಹೋಯ್ತು ಅಂತ ಎಣಿಸಿದೆ ನಾನು. ಹಾರ್ನು ಒತ್ತಿ ಕೈ ಬೀಸ್ತಾ ಹೋದ್ರಲ್ಲ! ಬಿಂದಿಗೆ ಬಿಸಾಡಿ ಓಡಿದೆ. ಬೇರೆ ದಾರಿ ಕಾಣ್ಲಿಲ್ಲ, ಅಲ್ಲೇ ರಸ್ತೆಯಲ್ಲಿ ನಿಂತು ಕೊಯನಾಡಿನ ಗಣಪತಿಗೆ ನೂರೊಂದು ತೆಂಗಿನಕಾಯಿ ಹರಕೆ ಹೇಳಿಕೊಂಡೆ."

ದಮಯಂತಿ ಇಳಿದು ಅವಳ ಕೈ ಹಿಡಿದರು. ರೈಗಳು ಬೆಳಿಗ್ಗೆ ಬೀಸಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡರು.

"ಬ್ರೇಕು ಸರಿ ಉಂಟು ಅಕ್ಕು. ಕಾರಿಗೆ ಈಗ ನೀರು ಬೇಡ," ಎಂದರು ಕೊನೆಗೆ, ಕಳ್ಳತನ ಒಪ್ಪಿಕೊಂಡವರಂತೆ.

ಅವಳು ನಂಬಲಿಲ್ಲ. ಮುಚ್ಚಳ ತೆಗೆದು ತೋರಿಸಿ ಎಂದಳು. ತಣಿಯುವವರೆಗೆ ಕಾದು ತೆಗೆದು ತೋರಿಸಿದರು. ಕಂಠದವರೆಗೆ ನೀರು ತುಂಬಿತ್ತು. ಅಕ್ಕು ಅದನ್ನು ನೋಡಿ ತಾನೇ ಮುಚ್ಚಳ ಹಾಕಿದಳು.

"ಹಾಗಾದ್ರೆ ಇನ್ನು ಇಲ್ಲಿ ನಿಲ್ಲುದಿಲ್ಲ," ಎಂದಳು.

"ನನಗೆ ಬಾಯಾರಿಕೆ ಆಗ್ತದಲ್ಲ," ಎಂದರು ರೈಗಳು. ಒಂದರ ಹಿಂದೆ ಒಂದು ಎರಡು ಶರಬತ್ತು ಕುಡಿದರು. ಹರಕೆಯ ಭಾರ ತಮ್ಮದೇ ಎಂದೂ ಒಪ್ಪಿಕೊಂಡರು.

ಮುಂದಿನ ತಿಂಗಳ ಚೌತಿಯಂದು ಗೋಣಿಯಲ್ಲಿ ನೂರೊಂದು ಕಾಯಿ ತುಂಬಿ, ಅಕ್ಕುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೊಯನಾಡಿಗೆ ಹೊರಟರು. ಐದು ವರ್ಷ ಕಾರಿಗೆ ನೀರು ಕೊಟ್ಟವಳು ಅದರಲ್ಲಿ ಕೂತದ್ದು ಅಂದೇ ಮೊದಲು. ದಮಯಂತಿ ಹಿಂದೆ, ಕಾಯಿಗಳ ನಡುವೆ ಮೊಣಕಾಲು ಮಡಚಿ ಕೂತಿದ್ದರು. ರೈಗಳಿಗೆ ತಮ್ಮ ಕಾರಿನ ಓಟ ತೋರಿಸುವ ಆಸೆ, ಕಾಲು ತುಸು ಬಲವಾಗಿಯೇ ಒತ್ತಿತು. ಅಕ್ಕು ಎರಡು ಕೈಯಲ್ಲೂ ಸೀಟು ಹಿಡಿದು, ಕಣ್ಣು ಮುಚ್ಚಿ, ಗಾಳಿಯ ಸದ್ದಿನ ಮೇಲೆ ಕೂಗಿದಳು:

"ಮೆಲ್ಲ ಹೋಗಿ ಮಾರಾಯ್ರೆ! ಇಲ್ಲದಿದ್ರೆ ಇನ್ನೂ ನೂರೊಂದು ಹೇಳ್ತೇನೆ ನೋಡಿ!"

ರೈಗಳು ಕಾಲು ಸಡಿಲಿಸಿದರು.