ಅನಸೂಯಮ್ಮನ ಬಾಣಂತಿ ಬಿಸ್ಕತ್ತು

ಅವ್ವನ ಬಿಸ್ಕತ್ತನ್ನು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತಿದ್ದ ಕಾಲವೊಂದಿತ್ತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಅವ್ವನ ಡಬ್ಬಿ ಅಲ್ಲಿಗೆ ಹೋಗಲೇಬೇಕು. ಅವರು ತೆಲುಗರೋ ಒರಿಯಾದವರೋ ಎಂದು ನೋಡುವವಳಲ್ಲ ಅವಳು. "ಅನಸೂಯಮ್ಮಗಾರಿ ಬಿಸ್ಕೆಟ್ಲು" ತಿಂದರೆ ಬಾಣಂತಿಗೆ ಹಾಲು ಉಕ್ಕುತ್ತದೆ ಎಂದು ಇಡೀ ಸೆಕ್ಟರಿಗೇ ನಂಬಿಕೆ. ಆ ಡಬ್ಬಿ ಹೊತ್ತು ಬಿಸಿಲಲ್ಲಿ ಮನೆಮನೆಗೆ ಕೊಟ್ಟುಬರುವ ಕೆಲಸ ಮಾತ್ರ ಶಾಲೆಗೆ ಹೋಗುವ ನನ್ನದು.

ನಮ್ಮದು ಗದಗಿನ ಹತ್ತಿರ ರೋಣದ ಕಡೆ. ಕಾರ್ಖಾನೆ ಇನ್ನೂ ಕಟ್ಟುತ್ತಿದ್ದಾಗಲೇ ಅಪ್ಪ ನರಹರಿ ವಿಶಾಖಕ್ಕೆ ಇಂಜಿನಿಯರಾಗಿ ಬಂದವರು. ನಮ್ಮ ಕಡೆ ಬಾಣಂತಿಗೆ ಅಂಟಿನ ಉಂಡೆ ಕೊಡುತ್ತಾರೆ. ಅವ್ವನೂ ಮೊದಲು ಅದನ್ನೇ ಕೊಡುತ್ತಿದ್ದಳು. ಪಕ್ಕದ ಮನೆಯ ಬಾಣಂತಿ ಟೀಚರೊಬ್ಬರು, "ಇಷ್ಟು ತುಪ್ಪದ ಉಂಡೆ ಹಿಡಿದುಕೊಂಡು ಪಾಠ ಹೇಗೆ ಮಾಡಲಿ?" ಎಂದ ಮೇಲೆ ಅದೇ ಸಾಮಾನನ್ನು ಬಿಸ್ಕತ್ತು ಮಾಡಿದಳು. ಗೋಧಿಹಿಟ್ಟು, ಹುರಿದ ಅಳವಿ ಬೀಜ, ಸಬ್ಬಸಗಿ ಬೀಜ, ತುಪ್ಪದಲ್ಲಿ ಅರಳಿಸಿ ಪುಡಿಮಾಡಿದ ಅಂಟು, ಒಣಕೊಬ್ಬರಿ, ಅನಕಾಪಲ್ಲಿಯ ಬೆಲ್ಲ. ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ತಟ್ಟೆಗಳನ್ನು ಗೇಟಿನ ಹತ್ತಿರದ ಸೂರ್ಯಪ್ರಕಾಶನ ಬೇಕರಿಗೆ ಒಯ್ಯುತ್ತಿದ್ದಳು. ಅವನ ಭಟ್ಟಿಯಿಂದ ಬ್ರೆಡ್ಡೆಲ್ಲ ಇಳಿದ ಮೇಲೆ ಉಳಿಯುವ ಇಳಿಬಿಸಿ ಇದೆಯಲ್ಲ, ಬೆಲ್ಲದ ಬಿಸ್ಕತ್ತಿಗೆ ಅದೇ ಸರಿ. ಹೆಚ್ಚು ಬಿಸಿಯಾದರೆ ಅಳವಿ ಕಹಿಯಾಗುತ್ತದೆ. ಅವ್ವ ಭಟ್ಟಿಯ ಬಾಯಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತೇಬಿಡುತ್ತಿದ್ದಳು. ಏಳಿಸುವ ಧೈರ್ಯ ಸೂರ್ಯಪ್ರಕಾಶನಿಗೂ ಇರಲಿಲ್ಲ.

೨೦೦೯ರಲ್ಲಿ ನಾನೇ ಬಾಣಂತಿಯಾದೆ. ಗಂಡ ಶಮಂತ್ ಇಬ್ರಾಹಿಂಪಟ್ಣಂನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದುದರಿಂದ ನಮ್ಮ ಬಾಡಿಗೆ ಮನೆ ವಿಜಯವಾಡದ ಭವಾನಿಪುರಂನಲ್ಲಿತ್ತು. ಹೆರಿಗೆಗೆ ವಿಶಾಖಕ್ಕೆ ಹೋಗುವುದು ಎಂದು ಟಿಕೆಟ್ಟೂ ಆಗಿತ್ತು. ಕೂಸಿಗೆ ಅದೇನು ಅವಸರವೋ, ದಿನ ತುಂಬುವ ಮೊದಲೇ ವಿಜಯವಾಡದಲ್ಲೇ ಹುಟ್ಟಿತು, ಅದೂ ಮೇ ತಿಂಗಳಲ್ಲಿ. ಹೆಣ್ಣು ಕೂಸು, ಬಹಳ ಸಣ್ಣದು. ಪ್ರಯಾಣ ಮಾಡಿಸಬೇಡಿ ಎಂದರು ಡಾಕ್ಟರು. ಹಾಗಾಗಿ ಅವ್ವನೇ ಬಿಸ್ಕತ್ತಿನ ಎರಡು ಡಬ್ಬಿ ಹಿಡಿದು ರತ್ನಾಚಲ್ ರೈಲಿನಲ್ಲಿ ಬಂದಿಳಿದಳು.

ಬಂದವಳೇ ಕಿಟಕಿ ಮುಚ್ಚಿದಳು, ಫ್ಯಾನು ಆರಿಸಿದಳು, ನನ್ನ ತಲೆಗೆ ಸ್ಕಾರ್ಫು ಕಟ್ಟಿದಳು. ಕೋಣೆಯಲ್ಲಿದ್ದ ನೀರಿನ ಹೂಜಿಯನ್ನು ಎತ್ತಿ ಅಡುಗೆಮನೆಗೆ ಒಯ್ದಳು.

"ಅದ್ಯಾಕವ್ವ ಒಯ್ತಿ? ಇಲ್ಲೇ ಇರ್ಲಿ" ಎಂದೆ.

"ಬಾಣಂತಿ ಅದೀ, ನೆನಪಿರ್ಲಿ. ನೀ ಇವತ್ತ ಕುಡದ ನೀರು ನಾಳೆ ಕೂಸಿನ ಎದಿಯಾಗ ಕಫ ಆಗಿ ಕುಂಡ್ರತದ. ಓಂಕಾಳು ಹಾಕಿ ಕುದಿಸಿದ್ದು ಮುಂಜಾನೆ ಒಂದು ಲೋಟ, ಸಂಜೀಕ ಒಂದು ಲೋಟ. ಸಾಕು."

ಇದು ನಮ್ಮೂರಿನ ಪದ್ಧತಿ. ಮನೆಯ ಒಡತಿ ದುರ್ಗಾಂಬ ಮೇಲಿನಿಂದ ಇಳಿದು ಬಂದು ಅವ್ವನಿಗೆ ನಾಲ್ಕು ಮಾತು ಬುದ್ಧಿ ಹೇಳಿಯಾಳು ಎಂದು ಕಾದೆ. ಅವಳೋ, "ಪಥ್ಯಂ ಅಂಟೇ ಪಥ್ಯಮೇ ಮರಿ", ಪಥ್ಯವೆಂದರೆ ಪಥ್ಯವೇ ಮತ್ತೆ ಎಂದು ತಲೆಯಾಡಿಸಿ, ತಮ್ಮಲ್ಲೂ ಹೀಗೇ ಎಂದು ಹೇಳಿ ಹೋದಳು. ಯಾವುದಕ್ಕೂ ಒಮ್ಮತವಿಲ್ಲದ ಎರಡು ಸೀಮೆಯವರು ನನ್ನ ಬಾಯಿ ಒಣಗಿಸುವುದಕ್ಕೆ ಮಾತ್ರ ಒಂದಾದರು. ಶಮಂತ್ ಒಮ್ಮೆ ಫ್ರಿಜ್ಜಿನ ಬಾಟ್ಲಿ ಹಿಡಿದು ಬಾಗಿಲ ತನಕ ಬಂದ. ಅವ್ವ ಅಡ್ಡ ನಿಂತು, "ಕೂಸಿಗೆ ಏನರ ಆದ್ರ ನೀವು ಜವಾಬ್ದಾರಿ ತಗೋತೀರೇನ್ರಿ?" ಎಂದಳು. ಮಹಾರಾಯ ಬಾಟ್ಲಿ ಸಮೇತ ವಾಪಸು ಹೋದ.

ಓದಿದವಳು ನೀನು, ಎದ್ದು ಹೋಗಿ ಕುಡಿಯಬಾರದಿತ್ತೇ ಎಂದು ನೀವು ಕೇಳಬಹುದು. ಅಂಗೈಯಗಲದ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ನೋಡಿ, ಆಗ ಗೊತ್ತಾಗುತ್ತದೆ. ನಾನು ನೀರು ಕುಡಿದು, ಅದಕ್ಕೆ ನಾಳೆ ಒಂದು ಕೆಮ್ಮು ಬಂದರೂ ಅದು ನನ್ನ ತಲೆಗೇ. ನಂಬಿಕೆಯಿಂದಲ್ಲ, ಹೆದರಿಕೆಯಿಂದ ಸುಮ್ಮನಿದ್ದೆ.

ಹಾಲು ಸಾಲುತ್ತಿರಲಿಲ್ಲ. ಕೂಸು ಎದೆಗೆ ಬಾಯಿ ಹಾಕಿ ಎಳೆಯುತ್ತಿತ್ತು, ಬಿಟ್ಟು ಅಳುತ್ತಿತ್ತು. ಬರಬರುತ್ತ ಅಳುವ ಶಕ್ತಿಯೂ ಕಡಿಮೆಯಾಗಿ ನಿದ್ದೆಗೆ ಜಾರುತ್ತಿತ್ತು. ತೂಕ ಇಳಿದಿತ್ತು. "ಮುಂದಿನ ಸಲ ಬರುವಾಗ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ನಳಿಕೆಯಲ್ಲಿ ಹಾಲು ಹಾಕಬೇಕಾಗುತ್ತದೆ" ಎಂದರು ಡಾಕ್ಟರ್ ರಾಜ್ಯಲಕ್ಷ್ಮಿ. ಆ ಸಣ್ಣ ಮೂಗಿನೊಳಗೆ ನಳಿಕೆ ಎಂದು ಕೇಳಿ ಕೂಸನ್ನು ಎದೆಗವಚಿಕೊಂಡೆ.

ಅವ್ವ ಬಿಸ್ಕತ್ತು ಹೆಚ್ಚಿಸಿದಳು. ಹಾಲಿನ ಜೊತೆ, ಊಟದ ನಂತರ, ಕೂಸು ಎದ್ದಾಗ, ಕೂಸು ಮಲಗಿದಾಗ. ಮೊದಮೊದಲು ತಿಂದೆ. ಆಮೇಲೆ ಆಗಲಿಲ್ಲ. ಅಗಿದರೆ ಬಾಯಲ್ಲಿ ಹಿಟ್ಟಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು, ನುಂಗಲು ಉಗುಳೇ ಇರುತ್ತಿರಲಿಲ್ಲ. ಅವ್ವ ಆಚೆ ತಿರುಗಿದಾಗ ಹಾಸಿಗೆಯ ಕೆಳಗೆ ಸೇರಿಸತೊಡಗಿದೆ. ಇರುವೆಗಳಿಗೆ ಎಷ್ಟು ಹೊತ್ತು ಬೇಕು? ಗೋಡೆಯುದ್ದಕ್ಕೂ ಸಾಲು ಬಂತು. ಅವ್ವ ಹಾಸಿಗೆ ಎತ್ತಿ ನೋಡಿದಳು.

ಅವಳ ಮುಖ ಆ ಪರಿ ಕೆಂಪಾದದ್ದನ್ನು ನಾನು ಕಂಡಿರಲಿಲ್ಲ.

"ಟೌನ್‌ಶಿಪ್ಪಿನ್ಯಾಗ ಮಂದಿ ಮಕ್ಕಳು ಇದನ್ನ ತಿಂದವರ ಹಾಲು ಕುಡದು ಬೆಳದ್ವು. ನನ್ನ ಮಗಳು ನೆಲಕ್ಕ ಚೆಲ್ಲತಾಳ! ಕೂಸು ಉಪವಾಸ ಬಿದ್ದದ, ನಿನಗ ಸೊಕ್ಕು. ನೀ ತಾಯಿ ಏನ?"

ಅಷ್ಟೇ ಸಾಕಾಯಿತು. ನಾನು ಹುಟ್ಟಿ ಬೆಳೆದದ್ದು ವಿಶಾಖದಲ್ಲಿ. ಸಿಟ್ಟು ನೆತ್ತಿಗೇರಿದರೆ ನನ್ನ ಬಾಯಿಂದ ಕನ್ನಡ ಓಡಿಹೋಗುತ್ತದೆ. "ನೀಳ್ಳು!" ಎಂದು ಕಿರುಚಿದೆ. "ನೀಳ್ಳಿವ್ವಮ್ಮಾ! ನಾಕು ನೀಳ್ಳು ಕಾವಾಲಿ!" ನೀರು, ನೀರು ಕೊಡು ಎಂದು ಒಂದೇ ಸಮನೆ ಅರಚಿದೆ. ಕೂಸು ಬೆಚ್ಚಿ ಎದ್ದಿತು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಂದು ಗಳಿಗೆ ಅವಳ ಕೈ ಅಡುಗೆಮನೆಯ ಕಡೆ ಹೋಯಿತು. ಮತ್ತೆ ಸೆರಗಿಗೆ ಬಂತು.

"ಇನ್ನೊಂದ್ವಾರ ತಡಕೋ" ಎಂದಳು ಮೆಲ್ಲಗೆ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳನ್ನು ಆ ದಿನ ದ್ವೇಷಿಸಿದೆ.

ಮರುದಿನವೇ ಡಾಕ್ಟರ ಬಳಿ ಹೋಗುವುದಿತ್ತು. ತಕ್ಕಡಿಯ ಮೇಲೆ ಕೂಸನ್ನು ಇಟ್ಟರು. ತೂಕ ಇನ್ನೂ ಇಳಿದಿತ್ತು. ಡಾಕ್ಟರ್ ಕೂಸನ್ನು ಬಿಟ್ಟು ನನ್ನನ್ನು ನೋಡಿದರು, ನನ್ನ ಅಂಗೈ ಹಿಂಭಾಗದ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಚರ್ಮ ಹಾಗೇ ನಿಂತಿತು. ನಾಲಿಗೆ ತೋರಿಸು ಎಂದರು.

"ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮಾ?"

ನಾನು ಅವ್ವನ ಮುಖ ನೋಡಿದೆ. ಅವ್ವನೇ ತನ್ನ ತೆಲುಗಿನಲ್ಲಿ, ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದ ಹೆಮ್ಮೆಯಿಂದ ಹೇಳಿದಳು. ಎರಡು ಲೋಟ. ಕುದಿಸಿದ್ದು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಈ ವಿಜಯವಾಡದ ಬಿಸಿಲಲ್ಲಾ?"

"ಹಾಲಿಗೆ ನಾನು ಬೇರೆ ಕೊಡುತ್ತಿದ್ದೇನಲ್ಲ ಡಾಕ್ಟರಮ್ಮ" ಎಂದು ಅವ್ವ ಚೀಲದಿಂದ ಡಬ್ಬಿ ತೆಗೆದಳು. ಡಾಕ್ಟರ್ ಒಂದು ಬಿಸ್ಕತ್ತು ಮುರಿದು ಮೂಸಿ, ಬಾಯಿಗೆ ಹಾಕಿಕೊಂಡರು.

"ಚೆನ್ನಾಗಿದೆ. ಒಳ್ಳೆಯ ಸಾಮಾನು ಹಾಕಿದ್ದೀರಿ, ತಿನ್ನಲಿ. ಆದರೆ ಮೈಯಲ್ಲೇ ನೀರಿಲ್ಲದವಳು ಹಾಲು ಎಲ್ಲಿಂದ ತರಬೇಕು?"

"ನಮ್ಮ ಟೌನ್‌ಶಿಪ್ಪಿನಲ್ಲಿ ಇದನ್ನು ತಿಂದವರಿಗೆಲ್ಲ ಹಾಲು ಬಂದಿದೆ" ಎಂದು ಅವ್ವ ಬಿಡಲಿಲ್ಲ.

"ಅವರಿಗೆಲ್ಲ ನೀರು ನಿಲ್ಲಿಸಿದ್ದಿರಾ?"

"ಬೇರೆಯವರ ಮನೆಯಲ್ಲಿ ನಾನು ಹೇಗೆ ನಿಲ್ಲಿಸಲಿ? ಡಬ್ಬಿ ಕೊಟ್ಟು..." ಎಂದವಳು ಅಲ್ಲಿಗೇ ನಿಂತಳು. ಅವಳು ನಿಧಾನವಾಗಿ ಬೆಂಚಿನ ಮೇಲೆ ಕೂತಳು.

ಎರಡು ದಿನ ನೋಡೋಣ ಎಂದರು ಡಾಕ್ಟರ್. ಅಲ್ಲಿಯವರೆಗೆ ಕೂಸಿಗೆ ಒಳಲೆಯಲ್ಲಿ ಪುಡಿಹಾಲು, ನನಗೆ ಬಾಯಾರಿದಷ್ಟು ನೀರು, ಮಜ್ಜಿಗೆ, ಗಾಳಿ. ಹೊರಗೆ ಬಂದರೆ ಕಾರಿಡಾರಿನಲ್ಲಿ ನೀರಿನ ಡ್ರಮ್ಮು, ಸರಪಳಿ ಕಟ್ಟಿದ ಸ್ಟೀಲ್ ಲೋಟ. ಅವ್ವನೇ ನಲ್ಲಿ ತಿರುಗಿಸಿ ಲೋಟ ತುಂಬಿದಳು. ಲೋಟ ತುಳುಕಿ ನೀರು ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು. ಗಟಗಟ ಕುಡಿದೆ. ಅವಳು ಮತ್ತೆ ತುಂಬಿದಳು. ಸಾಕು ಎಂದರೂ ತುಂಬಿದಳು.

ಹಾಲು ಬಂತು. ಒಮ್ಮೆಗೇ ಅಲ್ಲ, ಎರಡು ದಿನ ಬಿಟ್ಟು ತೂಗಿದಾಗ ತೂಕ ಇಳಿದಿರಲಿಲ್ಲ ಅಷ್ಟೆ, ಅದರ ಮುಂದಿನ ಸಲ ಏರಿತ್ತು. ನಳಿಕೆ ಬೇಡ ಎಂದರು. ಒಂದು ಮಧ್ಯಾಹ್ನ ಕೂಸು ಎದೆ ಕಚ್ಚಿ ಗುಟುಕು ಗುಟುಕು ನುಂಗುವ ಸದ್ದು ಕೇಳಿತು, ಇನ್ನೊಂದು ಕಡೆಯ ರವಿಕೆ ತಾನಾಗಿ ಒದ್ದೆಯಾಯಿತು. ಆ ಸಂತೋಷವನ್ನು ನಾನು ಏನೆಂದು ಹೇಳಲಿ! ಕಿಟಕಿ ತೆರೆದಿತ್ತು, ಫ್ಯಾನು ತಿರುಗುತ್ತಿತ್ತು. ಕೈಗೆ ಸಿಕ್ಕ ಬಿಸ್ಕತ್ತೊಂದನ್ನು ತಿಂದೆ. ಅನಕಾಪಲ್ಲಿ ಬೆಲ್ಲದ ಸವಿ ಅವತ್ತು ಗೊತ್ತಾಯಿತು.

"ಅವ್ವಾ, ನೋಡು ಬಾ, ಹ್ಯಾಂಗ ಕುಡೀತದ!" ಎಂದು ಕೂಗಿದೆ.

ಬಂದಳು. ನೋಡಿದಳು. ನಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

"ನನಗೂ ಬಾಯಾರಿತ್ತವ್ವ" ಎಂದಳು.

ನನಗೆ ಅರ್ಥವಾಗಲಿಲ್ಲ.

"ನಿನಕಿಂತ ಮೊದಲ ಒಂದು ಗಂಡು ಕೂಸು ಆಗಿತ್ತಲ್ಲ."

ಗೊತ್ತಿತ್ತು. ನನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿದ್ದ, ತಿಂಗಳು ತುಂಬುವ ಮೊದಲೇ ಹೊಟ್ಟೆನೋವು ಬಂದು ಹೋದ ಎಂದು ಮನೆಯಲ್ಲಿ ಹೇಳುತ್ತಿದ್ದರು.

"ಹೊಟ್ಟಿಬ್ಯಾನಿ ಅಲ್ಲದು. ಹಾಲು ಇದ್ದಿದ್ದಿಲ್ಲ. ರೋಣದಾಗ ಅದೂ ಬ್ಯಾಸಗಿನ. ನಿಮ್ಮಜ್ಜಿ ಕೊಡ ಒಳಗಿಟ್ಟು ಕೀಲಿ ಹಾಕತಿದ್ಲು. ಗೋಡಿಗೆ ನಾಲಿಗಿ ಹಚ್ಚಿ ಕುಂಡ್ರತಿದ್ದೆ ನಾ, ಗೋಡಿ ತಂಪಿತ್ತಂತ. ಈಕಿ ಎದಿ ಬಂಜರ ಅಂದ್ರು ಎಲ್ಲಾರೂ. ನಾನೂ ಹೌದನ್ಕೊಂಡೆ. ಭೀಮಸೇನ ಅಂತ ಹೆಸರಿಟ್ಟಿದ್ವಿ. ಕೈಯಾಗ ಹಿಡದ್ರ ಬೆಕ್ಕಿನ ಮರಿ ಅಷ್ಟಿದ್ದ."

"ಮತ್ತ ನಾ ಹುಟ್ಟಿದಾಗ ನಿನಗ ಹಾಲು ಹ್ಯಾಂಗ ಬಂತವ್ವ?"

"ಅವಾಗ ವಿಶಾಖಕ್ಕ ಬಂದಿದ್ವಿ, ಮನಿಯಾಗ ಹಿರೇರು ಇದ್ದಿದ್ದಿಲ್ಲ. ಅಳವಿ ತಿಂದೆ, ನಿಮ್ಮಪ್ಪಗ ಗೊತ್ತಾಗದಂಗ ಕದ್ದು ನೀರೂ ಕುಡದೆ. ಅಳವಿಂದ ಹಾಲು ಬಂತಂದ್ಕೊಂಡೆ. ಸಣ್ಣಾಕಿದ್ದಾಗ ನಿನಗ ಉಬ್ಬಸ ಬಂತಲ್ಲ, ಅದು ನಾ ಕದ್ದು ಕುಡದ ನೀರಿಂದ ಬಂತಂದ್ಕೊಂಡೆ. ನಿನ್ನ ಕೂಸಿಗರ ಆ ಉಬ್ಬಸ ಬರಬಾರದಂತ..."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಮಾಡಲಿ? ಅಜ್ಜಿ ಸತ್ತು ಎಷ್ಟೋ ಕಾಲವಾಗಿತ್ತು. "ಆ ಮುದುಕಿ..." ಎಂದು ಶುರುಮಾಡಿದೆ.

"ಆಕಿಗೆ ಬೈಬ್ಯಾಡ" ಎಂದಳು ಅವ್ವ. "ಆಕಿಗೂ ಯಾರೂ ಕೊಟ್ಟಿದ್ದಿಲ್ಲ."

ಮಡಿಲಲ್ಲಿ ಕೂಸು, ಏಳುವಂತಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಲೋಟವನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಕುಡಿಯಲಿಲ್ಲ.

ಅವ್ವ ಈಗಲೂ ಬಿಸ್ಕತ್ತು ಮಾಡುತ್ತಾಳೆ. ಸೂರ್ಯಪ್ರಕಾಶನ ಭಟ್ಟಿಯ ಮುಂದೆ ಈಗಲೂ ಅವಳದೇ ಸ್ಟೂಲು. ಆದರೆ ಡಬ್ಬಿಯನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ, ತಾನೇ ಒಯ್ಯುತ್ತಾಳೆ. ಆ ಮನೆಯ ಹಿರಿಯರು ಏನೆಂದುಕೊಂಡರೂ ಲೆಕ್ಕಿಸದೆ ಅಡುಗೆಮನೆಗೆ ಹೋಗಿ ನೀರು ತುಂಬಿ ತರುತ್ತಾಳೆ. ಅದೂ ಬಿಸ್ಕತ್ತಿನ ಪಥ್ಯವೇ ಇರಬೇಕು ಎಂದು ಟೌನ್‌ಶಿಪ್ಪಿನ ಹೆಂಗಸರು ತಿಳಿದಿದ್ದಾರೆ. ಭೀಮಸೇನನ ಹೆಸರನ್ನು ಅವಳು ಅಲ್ಲಿ ಯಾರಿಗೂ ಹೇಳಿಲ್ಲ. ಬಾಣಂತಿಯ ಮುಂದೆ ನಿಂತು, ಲೋಟ ಖಾಲಿಯಾಗುವವರೆಗೂ ಅವಳ ಗಂಟಲನ್ನೇ ನೋಡುತ್ತಾಳೆ. ಆಮೇಲೆ, "ಇಂಕೊಂಚೆಂ ತಾಗಮ್ಮಾ" ಎನ್ನುತ್ತಾಳೆ, ಇನ್ನೊಂದಿಷ್ಟು ಕುಡಿಯವ್ವ ಎಂದು.