ಕುವೈತಿನ ವಿಟಮಿನ್ ಬಾಟಲಿ

ಮುತ್ತಲಿಬನಿಗೆ ಓದು ಇರಲಿಲ್ಲ. ಆರನೇ ಕ್ಲಾಸಿಗೇ ನಿಂತದ್ದು, ಆದರೆ ವೈರಲ್ ಲೋಡ್ ಅಂದರೆ ಏನೆಂದು ಕುವೈತಿನ ಸಲ್ವಾದ ಈ ಬಕಾಲದಲ್ಲಿ, ಈ ಕಿರಾಣಿ ಅಂಗಡಿಯಲ್ಲಿ, ಮೊಸರಿನ ಡಬ್ಬಿ ಜೋಡಿಸುತ್ತಲೇ ಹೇಳಬಲ್ಲ — ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಅನ್ನುವ ಲೆಕ್ಕ, ಅಕ್ಕನ ಮಗಳು ನುಹಾಳದ್ದು ಕಳೆದ ಸಲ ಯಂತ್ರಕ್ಕೂ ಕಾಣಿಸದಷ್ಟು ಕಡಿಮೆ, ಎಚ್‌ಐವಿಗೆ ಮದ್ದು ಕೊಡುವ ಮಂಗಳೂರಿನ ಎಆರ್‌ಟಿ ಸೆಂಟರಿನ ಡಾಕ್ಟರಮ್ಮ ಫೋನಿನಲ್ಲೇ ಹೊಗಳಿದ್ದರು, ಪಕ್ಕದಲ್ಲೇ ಇರುವ ತಂದೆತಾಯಿಗಳಿಂದ ಆಗದ್ದು ನಿಮ್ಮಿಂದ ಹೇಗಾಯಿತು ಮಾರಾಯ್ರೆ. ಹೇಗೆಂದರೆ ಹೀಗೆ, ಊರಲ್ಲಿ ಸಂಜೆ ಆರೂವರೆ, ಇಲ್ಲಿ ನಾಲ್ಕು, ವಿಡಿಯೋ ಕಾಲ್, ಫೋನನ್ನು ಮೊಟ್ಟೆಯ ಟ್ರೇಗೆ ಒರಗಿಸಿಟ್ಟು ನುಂಗು, ನೀರು ಕುಡಿ, ಬಾಯಿ ತೆರೆ, ನಾಲಿಗೆಯಡಿ ತೋರಿಸು, ಖಲಾಸ್, ಮೂರು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಮದ್ದು ತಪ್ಪಿದರೆ ರೋಗ ಚುರುಕಾಗುತ್ತದೆ, ಆಮೇಲೆ ಆ ಮದ್ದಿಗೇ ಬಗ್ಗುವುದಿಲ್ಲ, ಅದೂ ಅವನಿಗೆ ಗೊತ್ತು. ಅಕ್ಕ ಸತ್ತಾಗ ಹುಡುಗಿಗೆ ನಾಲ್ಕು, ಈಗ ಹನ್ನೊಂದು, ಅಕ್ಕನಿಗೆ ಬಂದದ್ದು ಭಾವನಿಂದ, ಹುಡುಗಿಗೆ ಅಕ್ಕನಿಂದ, ಭಾವ ಮೊದಲೇ ಹೋಗಿದ್ದ, ಅಳುತ್ತ ಕೂತರೆ ಏನು ಬಂತು. ಇಲ್ಲಿಗೆ ಕರೆಸೋಣವೆಂದರೆ ಇಕಾಮಾಕ್ಕೆ, ಇಲ್ಲಿ ಇರುವ ಪರವಾನಗಿಗೆ, ರಕ್ತ ನೋಡುತ್ತಾರೆ, ಗೊತ್ತಾದರೆ ವಾಪಸ್ — ಭಾಯಿ, ದೋ ಖುಬ್ಜ್, ಯಲ್ಲಾ ಯಲ್ಲಾ, ಯಾವನೋ ಡ್ರೈವರ್, ತಗೋ ನಿನ್ನ ರೊಟ್ಟಿ, ಹೋಗು — ಹಾಗಾಗಿ ಹುಡುಗಿ ಊರಲ್ಲೇ, ಅವನ ಉಮ್ಮ, ಅಂದರೆ ತಾಯಿ, ಆಚುಮ್ಮನ ಜೊತೆ. ಬಾಟಲಿಯ ಉಪಾಯವೂ ಅವನದೇ. ಎಆರ್‌ಟಿ ಡಬ್ಬಿ ಕಣ್ಣಿಗೆ ಬಿದ್ದರೆ ಕೇರಿಗೆಲ್ಲ ಸುದ್ದಿ, ಅದಕ್ಕೇ ತಿಂಗಳ ಬಿಳಿ ಗುಳಿಗೆಗಳನ್ನೆಲ್ಲ ಕುವೈತಿನ ವಿಟಮಿನ್ ಬಾಟಲಿಗೆ ಸುರಿದಿಡು ಉಮ್ಮ, ಕೇಳಿದವರಿಗೆ ವಿಟಮಿನ್ ಅನ್ನು, ಗಲ್ಫಿನವರ ಮನೆಯಲ್ಲಿ ವಿಟಮಿನ್ ಇದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಯಾರೂ ನೋಡಲೂ ಇಲ್ಲ. ಫೋನಿನಲ್ಲಿ ನುಹಾ ಬಂದಳು, ಇವತ್ತು ಕರೆಂಟಿಲ್ಲ ಮಾಮ, ಜಗಲಿಯಲ್ಲಿದ್ದೇನೆ, ಒಳ್ಳೆಯದೇ ಆಯಿತು, ದಿನಾ ಅಡಿಗೆಮನೆಯ ಬಲ್ಬಿನ ಕೆಳಗೆ ಮುಖ, ಗೋಡೆ, ಲೋಟ ಎಲ್ಲ ಒಂದೇ ಬಣ್ಣ, ಇಲ್ಲಿ ಬೆಳಕಿದೆ, ಹುಡುಗಿ ಸ್ವಲ್ಪ ದಪ್ಪಗಾಗಿದ್ದಾಳೆ, ಅಂಗೈಯಲ್ಲಿ ಗುಳಿಗೆ, ಹಳದಿ. ಹಳದಿ ಯಾಕೆ. ಕಂಪನಿ ಬದಲಾಗಿರಬೇಕು, ಸರಕಾರದ ಮದ್ದು, ಬಣ್ಣ ಬದಲಾಗುತ್ತದೆ, ಇಲ್ಲ, ಈ ಹಳದಿ ಅವನ ಅಂಗಡಿಯದು, ಅವನೇ ರಂಜಾನಿಗೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದ ನಿಜವಾದ ವಿಟಮಿನ್. ನಮ್ಮದು ಎಲ್ಲಿ ನುಹಾ. ಅವಳು ಹಿಂದೆ ತಿರುಗಿದಳು, ಆಚುಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಖ ತೂರಿಸಿದಳು, ಬೈಬೇಡ ಮೋನೆ, ಶಮೀಲಾ ಬಂದಿದ್ದಳು, ನಿನ್ನ ಚಿಕ್ಕಮ್ಮನ ಸೊಸೆ, ಸೊಂಟ ನೋವು, ವಿಟಮಿನ್ ಬೇಕು ಅಂತ ಆ ಬಾಟಲಿಯನ್ನೇ ಎತ್ತಿ ಬ್ಯಾಗಿಗೆ ಹಾಕಿದಳು, ಬೇಡ ಅಂದರೆ ಗಲ್ಫಿನ ಸೊಕ್ಕು ಅನ್ನುತ್ತಾಳೆ, ಮದ್ದು ಅಂದರೆ ಯಾರ ಮದ್ದು ಅನ್ನುತ್ತಾಳೆ, ನಾನು ಎಂತ ಹೇಳುವುದು, ಹೇಗೂ ತಿಂಗಳ ಕೊನೆಗೆ ಮಂಗಳೂರಿಗೆ ಹೋಗ್ಲಿಕ್ಕುಂಟಲ್ಲ, ಆಗ ಕೇಳುವ ಅಂತ. ಆಯಿತು, ಗಾಬರಿ ಬೇಡ, ದಾರಿ ಇದ್ದೇ ಇರುತ್ತದೆ, ನಾಳೆ ಮೊದಲ ಬಸ್ಸಿಗೆ ಇಬ್ಬರೂ ಹೊರಡಿ, ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಶಮೀಲಾಗೆ ಈಗಲೇ ಫೋನ್ ಮಾಡಿ ಬಾಟಲಿ ಎಕ್ಸ್‌ಪೈರಿ ಆದದ್ದು, ಒಂದೂ ತಿನ್ನಬೇಡ ಅನ್ನುತ್ತೇನೆ, ಎಲ್ಲ ಸರಿಮಾಡಬಹುದು. ಆದರೆ ನಾನು ದಿನಾ ನೋಡುತ್ತಿದ್ದೆನಲ್ಲ, ದಿನಾ ನುಂಗಿದೆಯಲ್ಲ ನೀನು. ನೀವು ನಾಲಿಗೆ ಮಾತ್ರ ನೋಡುವುದಲ್ವಾ ಮಾಮ, ಮದ್ದಿಲ್ಲ ಅಂದರೆ ನಿಮಗೆ ಟೆನ್ಷನ್ ಆಗ್ತದೆ ಅಂತ ಇದನ್ನು ನುಂಗಿದೆ. ದಿನಾ ನಾಲಿಗೆ, ಚೊಕ್ಕ ನಾಲಿಗೆ, ಶಾಬಾಶ್ ನುಹಾ ಅಂದದ್ದು ಅವನೇ, ಆ ನಾಲಿಗೆಯ ಮೇಲೆ ಹಳದಿ ಗುಳಿಗೆ. ಶಮೀಲಾ ಬಂದದ್ದು ಯಾವಾಗ ಉಮ್ಮ. ಶುಕ್ರವಾರ. ಮೊನ್ನೆಯ ಶುಕ್ರವಾರವಾ. ಅಲ್ಲ, ಅದರ ಹಿಂದಿನದು. ಇವತ್ತು ಮಂಗಳವಾರ, ಹಳದಿ ಗುಳಿಗೆ, ಶುಕ್ರ, ಶನಿ, ಆದಿತ್ಯವಾರ, ಹಳದಿ ಗುಳಿಗೆ, ಮಾಮ, ಇದನ್ನು ನುಂಗುವುದಾ ಬೇಡವಾ — ಅಂಗೈಯಲ್ಲಿ ಹಳದಿ ಗುಳಿಗೆ, ಇವತ್ತಿನದೂ ಸೇರಿ ತಪ್ಪಿದ್ದು ಹನ್ನೆರಡು ದಿನದ ಮದ್ದು.