ರೋಮ್ ದೇಶದ ಪಿನ್ನು, ಅತ್ತೆಯ ತಾಳಿ

ನಮ್ಮತ್ತೆ ಚಿಕ್ಕಮಾರಮ್ಮ ತಾಳಿ ಕಳೆದುಕೊಂಡ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ೨೦೦೩ರಲ್ಲಿ ಕಡಬದ ಕೆರೆಯಾಚೆಯ ಹಾಳೂರು ದಿಬ್ಬವನ್ನು ಹಳೇ ಕಾಲದ ವಸ್ತುಗಳಿಗಾಗಿ ಸರ್ಕಾರದವರು ಅಗೆಸುತ್ತಿದ್ದರು. ಅತ್ತೆ, ಸೊಸೆ ಇಬ್ಬರೂ ಅಲ್ಲಿ ಮಣ್ಣು ಹೊರುತ್ತಿದ್ದೆವು. ಬಾಂಡ್ಲಿ ಇಳಿಸುವಾಗ ಯಾವಾಗಲೋ ಸವೆದ ದಾರ ಕಿತ್ತುಹೋಗಿತ್ತು.

ಅತ್ತೆ ಅರಿಶಿನದ ಕೊಂಬು ಕಟ್ಟಿಕೊಂಡು ಮೇಲೆ ಸೆರಗು ಹೊದ್ದರು. "ನಿಮ್ಮ ಮಾವನ ಮುಂದೆ ಬಾಯಿ ಬಿಟ್ಟೀಯ, ಜೋಕೆ" ಎಂದರು. ಮಾವ ಯಲ್ಲಯ್ಯನವರಿಗೆ ಸೋಮವಾರ ತುಮಕೂರಿನಲ್ಲಿ ಹೊಟ್ಟೆಯ ಆಪರೇಷನ್. ಹೆದರಿಕೆಗೆ ಮುದ್ದೆಯೇ ಇಳಿಯುತ್ತಿರಲಿಲ್ಲ ಅವರಿಗೆ. ಇದು ಕಿವಿಗೆ ಬಿದ್ದರೆ ಅಪಶಕುನವೆಂದು ಬಸ್ಸನ್ನೇ ಹತ್ತುವುದಿಲ್ಲ ಎಂಬುದು ಅತ್ತೆಯ ಭಯ. ನನಗೂ ಅದೇ ಭಯವಿತ್ತು.

ಶನಿವಾರ ಅಂಜನ್ ಎಂಬ ಚಿಕ್ಕ ವಯಸ್ಸಿನ ಆಫೀಸರ್ ಮೆಟಲ್ ಡಿಟೆಕ್ಟರ್ ತಂದರು. ಲೋಹವಿದ್ದ ಕಡೆ ಕುಯ್ಯೋ ಎನ್ನುವ ಕೋಲು. ಅತ್ತೆ ಏನೂ ಅರಿಯದವರಂತೆ, "ನಾವು ಸುರಿದಿರೋ ಆ ಮಣ್ಣಿನ ಗುಡ್ಡೇಲೂ ಆಡ್ಸಿ ಸಾ" ಎಂದರು.

ಕೋಲು ಕೂಗಿತು. ಸಿಕ್ಕಿದ್ದು ಹಸಿರು ಕಿಲುಬು ಹಿಡಿದ ಕಂಚಿನ ಪಿನ್ನು. ಹೊದ್ದ ಬಟ್ಟೆ ಜಾರದಂತೆ ರೋಮ್ ದೇಶದವರು ಸಿಕ್ಕಿಸಿಕೊಳ್ಳುತ್ತಿದ್ದುದಂತೆ. ಯಾವ ವ್ಯಾಪಾರಿ ಇಲ್ಲಿ ಬೀಳಿಸಿದನೋ! ಅಂಜನ್ ಕುಣಿಯುವುದೊಂದು ಬಾಕಿ.

ಅದರ ಪಕ್ಕದಲ್ಲೇ ಮತ್ತೆ ಕೂಗಿತು. ಈ ಸಲ ಅತ್ತೆಯ ತಾಳಿ. ಅತ್ತೆ ಕೈ ಚಾಚುವಷ್ಟರಲ್ಲಿ ಅಂಜನ್ ಅದನ್ನೂ ಪಿನ್ನಿನ ಜೊತೆ ಕವರಿಗೆ ಹಾಕಿಬಿಟ್ಟರು.

"ಅದು ನಂದು ಸಾ!"

"ನಿಮ್ಮದಾದ್ರೆ ಮೊದಲೇ ಯಾಕಮ್ಮ ಹೇಳ್ಲಿಲ್ಲ? ಇದೂ ಆ ಕಾಲದ್ದೇ ಇರಬಹುದು."

"ಕಟ್ಟಿದೋನಿನ್ನೂ ಬದುಕವ್ನೆ! ಅದೆಂಗ್ ಸಾ ಹಳೇ ಕಾಲದ್ದಾಯ್ತು?"

ಕೂಲಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಂಜನ್ ಮಾತ್ರ ನಗಲಿಲ್ಲ. "ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ."

ತಾಳಿ ಬೇಕೆಂದರೆ ಮಾವನಿಗೆ ತಿಳಿಯಲೇಬೇಕು. ಅತ್ತೆ ನನ್ನ ಕಡೆ ತಿರುಗಿ, "ಹೋಗು, ಕರ್ಕಂಬಾ" ಎಂದರು.

ದಾರಿಯಲ್ಲಿ ಮಾವನಿಗೆ ಎಲ್ಲ ಹೇಳಿದೆ. ಮಾವ ದಿಬ್ಬ ಹತ್ತಿ, ಕವರನ್ನು ನೋಡುವ ಮೊದಲೇ, "ಎಡಗಡೆ ಅಂಚಲ್ಲಿ ಒಂದು ಮಣಿ ಉದುರೈತೆ, ನೋಡಿ ಸಾ" ಎಂದರು. ಅಂಜನ್ ನೋಡಿದರು. ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು ತಾಳಿಯನ್ನು ಎರಡೂ ಕೈಯಲ್ಲಿ ಕೊಟ್ಟರು.

ಅಗೆಯುವ ಗುಂಡಿಗಳ ಸುತ್ತ ಗುರುತಿಗೆ ಕಟ್ಟಲು ತಂದಿದ್ದ ದಾರದ ತುಂಡೊಂದನ್ನು ಮಾವ ಕೇಳಿ ಪಡೆದು ತಾಳಿ ಪೋಣಿಸಿದರು.

"ತಲೆ ಬಗ್ಸು."

"ಇಷ್ಟು ಜನ್ರ ಮುಂದೆ..."

"ಅವತ್ತೂ ಜನ್ರ ಮುಂದೇನೇ ಕಟ್ಟಿದ್ದು."

ಮೂರನೆಯ ಗಂಟು ಎರಡು ಸಲ ಜಾರಿತು. ಅದನ್ನು ಬಿಗಿದ ಮೇಲೂ ಮಾವ ಕೈ ತೆಗೆಯಲಿಲ್ಲ.

"ಸೋಮ್ವಾರ ಹೋಗ್ತೀನಿ ಕಣೇ. ವಾಪಸ್ ಬರ್ತೀನಿ."

ಅತ್ತೆ ಕಣ್ಣೊರೆಸಿಕೊಂಡರು. "ಬರ್ದೆ ಇದ್ರೆ ಬುಟ್ಬುಡ್ತೀನಾ?"